ವೀಳ್ಯ ಕೊಟ್ಟ ಮೇಲೆ

ಧರ್ಮಸ್ಥಳದ ರತ್ನಗಿರಿಯ ಮೇಲೆ ನಿಂತಿರುವ ಬಾಹುಬಲಿ ರೂಪ ತಳೆದದ್ದು ಕಾರ್ಕಳದಲ್ಲಿ. 39 ಅಡಿ ಎತ್ತರದ ಆ ಏಕಶಿಲಾ ಮೂರ್ತಿಯನ್ನು ಕಡೆದವರು ಕಾರ್ಕಳದ ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈ. ಕಡೆಸಲು ಹೊರಟವರು ಧರ್ಮಸ್ಥಳದ ಅಂದಿನ ಧರ್ಮಾಧಿಕಾರಿ ರತ್ನವರ್ಮ ಹೆಗ್ಗಡೆ. 1968ರಲ್ಲಿ, ಕೆಲಸ ಇನ್ನೂ ಮುಗಿಯುವುದಕ್ಕೆ ವರ್ಷಗಳಿರುವಾಗಲೇ, ಹೆಗ್ಗಡೆಯವರು ತೀರಿಕೊಂಡರು. ಅವರ ನಂತರ ಪಟ್ಟಕ್ಕೆ ಬಂದ ವೀರೇಂದ್ರ ಹೆಗ್ಗಡೆಯವರಿಗೆ ಆಗ ಇಪ್ಪತ್ತೂ ತುಂಬಿರಲಿಲ್ಲ. ಇತ್ತ ಶಿಲ್ಪಿ ಇಳಿವಯಸ್ಸಿನವರು. ಮಾತು ಕೊಟ್ಟವರು ಇಲ್ಲ, ಅರ್ಧ ಕಡೆದ ಬಂಡೆ ಕಾರ್ಕಳದಲ್ಲಿದೆ. ಕೆಲಸ ನಿಂತುಹೋಗಲು ಇದಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ. ನಿಲ್ಲಲಿಲ್ಲ. 1973ರಲ್ಲಿ ಮೂರ್ತಿ ಇಡಿಯಾಗಿ ರಸ್ತೆಯ ಮೇಲೆ ಧರ್ಮಸ್ಥಳಕ್ಕೆ ಹೊರಟಿತು, 1975ರಲ್ಲಿ ಬೆಟ್ಟದ ಮೇಲೆ ನಿಂತಿತು, 1982ರಲ್ಲಿ ಪ್ರತಿಷ್ಠೆಯಾಯಿತು.

ಕಲೆಯ ಕೆಲಸ ಮಾಡುವವನಿಗೂ ಮಾಡಿಸುವವನಿಗೂ ನಡುವಿನ ವಿಶ್ವಾಸದ ಬಗ್ಗೆ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಈ ಸಂಗತಿ. ಒಬ್ಬ ಹಿರಿಯರು ಕೊಟ್ಟ ಮಾತನ್ನು ಅವರ ಮಗ ತನ್ನ ಮಾತೆಂದೇ ಎತ್ತಿಕೊಂಡರು. ಶಿಲ್ಪಿ ಹೊಸ ಯಜಮಾನರ ವಯಸ್ಸು ನೋಡಿ ಉಳಿ ಕೆಳಗಿಡಲಿಲ್ಲ. ಅಂಥದ್ದು ಬರೀ ಒಳ್ಳೆಯತನದಿಂದ ಆಗುವುದಿಲ್ಲ. ಏನು ಮಾಡುವುದು, ಎಷ್ಟು ದೊಡ್ಡದು, ಯಾರು ಮಾಡುವುದು ಎಂಬುದೆಲ್ಲ ಇಬ್ಬರ ತಲೆಯ ಹೊರಗೆ, ಎಲ್ಲರ ಕಣ್ಣೆದುರು ನಿಗದಿಯಾಗಿದ್ದ ಕೆಲಸ ಅದು. ಹಾಗಾಗಿಯೇ ಅದು ಕೈ ಬದಲಾದರೂ ಉಳಿಯಿತು.

ಈಗ ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಸುತ್ತ ಸಂಬಳದ ನೌಕರಿ ಬಿಟ್ಟೋ ಹಿಡಿಯದೆಯೋ ಸ್ವಂತವಾಗಿ ಇಂಥ ಕೆಲಸ ಮಾಡುವ ಹುಡುಗ ಹುಡುಗಿಯರು ಬಹಳ. ಮದುವೆಯ ಫೋಟೊ, ವಿಡಿಯೊ, ಅಂಗಡಿಯ ಲೋಗೊ, ಪುಸ್ತಕದ ಮುಖಪುಟ, ಬ್ರಹ್ಮಕಲಶದ ಆಮಂತ್ರಣ ಪತ್ರಿಕೆ, ದೇವಸ್ಥಾನದ ಸ್ಮರಣ ಸಂಚಿಕೆ, ಹೋಟೆಲಿನ ರೀಲ್ಸ್, ಅಷ್ಟಮಿಯ ಹುಲಿವೇಷಕ್ಕೆ ಬಣ್ಣ. ಅವರಲ್ಲಿ ಯಾರನ್ನು ಮಾತಾಡಿಸಿದರೂ ಒಂದೇ ಕೊರಗು: ಕೆಲಸ ಬೇಕಾದಷ್ಟಿದೆ, ಒಳ್ಳೆಯ ಪಾರ್ಟಿ ಸಿಗುವುದಿಲ್ಲ. ನನಗೆ ಹಾಗೆನಿಸುವುದಿಲ್ಲ. ಒಳ್ಳೆಯವರು ಸಿಗುತ್ತಾರೆ. ಅವರ ಜತೆ ಆಡಬೇಕಾದ ಮಾತನ್ನು ನಾವು ಆಡುವುದಿಲ್ಲ. ಊರು ಸಣ್ಣದು. ಕೆಲಸ ಕೊಡುವವರು ನಮ್ಮ ಮಾವನ ನೆರೆಮನೆಯವರು, ಶಾಲೆಯ ಮೇಷ್ಟ್ರ ಅಣ್ಣ, ಅಮ್ಮನ ಭಜನಾ ಮಂಡಳಿಯ ಅಧ್ಯಕ್ಷೆ. ಇಷ್ಟು ಹತ್ತಿರದವರ ಹತ್ತಿರ ದುಡ್ಡಿನ ಮಾತು ಹೇಗೆ ಎತ್ತುವುದು?

“ಎಷ್ಟಾಗ್ತದೆ?” ಎಂದು ಅವರೇ ಕೇಳುತ್ತಾರೆ.

“ಅದೆಲ್ಲ ಮತ್ತೆ ನೋಡುವ ಶೆಟ್ರೇ, ಮೊದಲು ಕೆಲಸ ಆಗಲಿ.”

ಕೆಲಸ ಆಗುತ್ತದೆ. ಬಿಲ್ಲು ಹೋಗುತ್ತದೆ. “ಇಷ್ಟೆಲ್ಲ ಆಗ್ತದೆ ಅಂತ ಗೊತ್ತಿರ್ಲಿಲ್ಲ ಮಾರಾಯ್ರೇ” ಎಂದು ಅತ್ತಲಿಂದ ಉತ್ತರ. ಅವರದ್ದು ಸುಳ್ಳಲ್ಲ, ನಿಜವಾಗಿಯೂ ಗೊತ್ತಿರಲಿಲ್ಲ. ಆಮೇಲೆ ಜಾತ್ರೆಯಲ್ಲಿ ಎದುರಾದರೆ ಇಬ್ಬರೂ ಬೇರೆ ಕಡೆ ನೋಡಿಕೊಂಡು ಹೋಗುತ್ತಾರೆ. ದುಡ್ಡೂ ಹೋಯಿತು, ಇದ್ದ ಪರಿಚಯವೂ ಕೆಟ್ಟಿತು. ಪರಿಚಯವನ್ನೇ ವಿಶ್ವಾಸವೆಂದು ಎಣಿಸಿಕೊಂಡದ್ದರ ಫಲ ಅದು.

ನಮ್ಮ ಹಿರಿಯರು ಇಂಥ ವಿಷಯದಲ್ಲಿ ಇಷ್ಟು ಸಂಕೋಚಪಟ್ಟವರಲ್ಲ ಎಂಬುದಕ್ಕೆ ಯಕ್ಷಗಾನದ ಹರಕೆ ಆಟಗಳೇ ಸಾಕ್ಷಿ. ಮಂದಾರ್ತಿ, ಮಾರಣಕಟ್ಟೆ, ಕಟೀಲು ಮೇಳಗಳ ಆಟ ಆಡಿಸುವವರು ಸಾಲುಗಟ್ಟಿ ಕಾಯುತ್ತಾರೆ. ಇಂದು ಹರಕೆ ಹೇಳಿಕೊಂಡವರ ಸರದಿ ಬರಲು ಹಲವು ವರ್ಷವೇ ಬೇಕು. ವೀಳ್ಯ ಕೊಟ್ಟು ದಿನ ನಿಗದಿಯಾದರೆ ಮುಗಿಯಿತು, ಆಟ ನಡೆಯುತ್ತದೆ. ಕೆಲವು ಮನೆಗಳದ್ದು ಕಟ್ಟುಕಟ್ಟಳೆಯ ಆಟ, ಅಜ್ಜನ ಕಾಲದಿಂದ ಪ್ರತಿ ವರ್ಷವೂ ನಡೆದು ಬಂದದ್ದು. ಮೇಳಕ್ಕೆ ಬರುವ ಮೊತ್ತವೆಷ್ಟು, ಚೌಕಿಗೆ ಎಲ್ಲಿ ಜಾಗ, ಕಲಾವಿದರ ಊಟ ಯಾರದು ಎಂಬುದನ್ನು ಆಟದ ದಿನ ಯಾರೂ ಚರ್ಚಿಸುತ್ತ ಕೂರುವುದಿಲ್ಲ. ಅದೆಲ್ಲ ಮೊದಲೇ ಗೊತ್ತು. ಹಣದ ಮಾತು ಮುಂಚೆಯೇ ಮುಗಿದಿರುವುದರಿಂದಲೇ ಆ ರಾತ್ರಿ ಮನೆಯವರು ಕೈಮುಗಿದು ಕೂತು ಆಟ ನೋಡಲು ಆಗುವುದು.

ಅದರಲ್ಲಿ ಇನ್ನೂ ಸೂಕ್ಷ್ಮವಾದ ಒಂದು ಏರ್ಪಾಡಿದೆ. ಯಾವ ಪ್ರಸಂಗ ಆಗಬೇಕು ಎಂದು ಕೇಳುವ ಹಕ್ಕು ಆಟ ಆಡಿಸುವವರದು. ದೇವಿ ಮಹಾತ್ಮೆ ಬೇಕೆಂದರೆ ದೇವಿ ಮಹಾತ್ಮೆ. ಆದರೆ ಯಾರಿಗೆ ಯಾವ ವೇಷ, ಯಾವ ಪದ್ಯ ಎತ್ತುವುದು, ಯಾವುದನ್ನು ಬಿಡುವುದು, ಎಲ್ಲಿ ಓಟ ಹೆಚ್ಚಿಸುವುದು ಎಂಬುದು ಭಾಗವತರಿಗೆ ಬಿಟ್ಟದ್ದು. ಲಕ್ಷಗಟ್ಟಲೆ ಖರ್ಚು ಮಾಡಿದ ಮನೆಯ ಯಜಮಾನ ರಂಗಸ್ಥಳಕ್ಕೆ ಬಂದು ಈ ಪದ್ಯ ಬೇಡ, ತಾಳ ಬದಲಿಸಿ ಎನ್ನುವುದಿಲ್ಲ. ‘ಏನು ಬೇಕು’ ಎಂಬುದು ಅವರದು, ‘ಹೇಗೆ’ ಎಂಬುದು ಕಲಾವಿದರದು. ಸೃಜನಶೀಲ ಕೆಲಸದಲ್ಲಿ ಆಗುವ ಜಗಳಗಳಲ್ಲಿ ಮುಕ್ಕಾಲು ಪಾಲು ಈ ಗಡಿ ಎಲ್ಲಿದೆಯೆಂದು ಹೇಳಿಕೊಳ್ಳದೆ ಇದ್ದುದರಿಂದ ಹುಟ್ಟಿದವು. ಗ್ರಾಹಕರು ಬಣ್ಣ ಬದಲಿಸಿ, ಅಕ್ಷರ ದೊಡ್ಡದು ಮಾಡಿ, ದೇವರ ಫೋಟೊ ಎಡಕ್ಕೆ ತನ್ನಿ ಎನ್ನುತ್ತ ಹೋಗುತ್ತಾರೆ, ವಿನ್ಯಾಸಕಾರ ಒಳಗೊಳಗೇ ಕುದಿಯುತ್ತಾನೆ. ಅವರಿಗೆ ನಿಜವಾಗಿ ಬೇಕಾದದ್ದೇನು ಎಂದು ಕೇಳಿದರೆ ವಯಸ್ಸಾದವರಿಗೂ ಕನ್ನಡಕ ಇಲ್ಲದೆ ದಿನಾಂಕ ಓದಲು ಆಗಬೇಕು ಎಂಬಷ್ಟೇ ಇರಬಹುದು. ಅದು ಅವರು ಹೇಳಬೇಕಾದ ಮಾತು, ನ್ಯಾಯವಾದ ಮಾತು. ಅದಕ್ಕೆ ದಾರಿ ಹುಡುಕುವುದು ನಮ್ಮ ಕೆಲಸ.

ನಮ್ಮ ಜಿಲ್ಲೆಯಲ್ಲಿ ಗ್ರಾಹಕ ಎಂದರೆ ಎಷ್ಟೋ ಸಲ ಒಬ್ಬ ವ್ಯಕ್ತಿಯಲ್ಲ, ಒಂದು ಸಮಿತಿ. ಕಾಪುವಿನ ಹೊಸ ಮಾರಿಗುಡಿ ಇಳಕಲ್ಲಿನ ಕೆಂಪು ಶಿಲೆಯಲ್ಲಿ ಎದ್ದು, 2025ರ ಫೆಬ್ರವರಿ ಕೊನೆ ಮತ್ತು ಮಾರ್ಚ್ ಮೊದಲ ದಿನಗಳಲ್ಲಿ ಬ್ರಹ್ಮಕಲಶೋತ್ಸವ ಆದದ್ದನ್ನು ಕಂಡವರಿಗೆ ಒಂದು ಜೀರ್ಣೋದ್ಧಾರ ಎಷ್ಟು ಜನರ ಕೈಯ ಕೆಲಸ ಎಂದು ಹೇಳಬೇಕಾಗಿಲ್ಲ. ಅಷ್ಟು ದೊಡ್ಡದಿರಲಿ, ಊರಿನ ಸಣ್ಣ ದೈವಸ್ಥಾನವಿರಲಿ, ಜೀರ್ಣೋದ್ಧಾರ ಸಮಿತಿ, ಬ್ರಹ್ಮಕಲಶೋತ್ಸವ ಸಮಿತಿ, ಪ್ರಚಾರ ಸಮಿತಿ, ಮುಂಬೈ ಸಮಿತಿ ಎಲ್ಲವೂ ಇರುತ್ತವೆ. ಅಧ್ಯಕ್ಷರಿಗೆ ಹಳದಿ ಇಷ್ಟ, ಕಾರ್ಯದರ್ಶಿಗೆ ಕೆಂಪು. ಮುಂಬೈಯಿಂದ ದೊಡ್ಡ ದೇಣಿಗೆ ಕೊಟ್ಟವರು ರಾತ್ರಿ ಹನ್ನೊಂದಕ್ಕೆ ವಾಟ್ಸಾಪಿನಲ್ಲಿ ತಮ್ಮ ಅಭಿಪ್ರಾಯ ಕಳಿಸುತ್ತಾರೆ. ದುಬೈಯಿಂದ ಇನ್ನೊಬ್ಬರು. ಇವರೆಲ್ಲರೂ ಒಳ್ಳೆಯವರು, ಊರಿನ ಮೇಲೆ ಪ್ರೀತಿ ಇದ್ದವರು. ಪ್ರೀತಿ ಇರುವುದರಿಂದಲೇ ಸುಮ್ಮನಿರಲು ಆಗುವುದಿಲ್ಲ.

ಇಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ದರದ್ದಲ್ಲ. “ಕಡೇ ಮಾತು ಯಾರದ್ದು?” ಎಂದು ಕೇಳಬೇಕು. ಗೌರವದಿಂದಲೇ, ಮೊದಲ ಸಭೆಯಲ್ಲೇ. ‘ನಿಮ್ಮೆಲ್ಲರ ಸಲಹೆಯೂ ಬರಲಿ, ಕಾರ್ಯದರ್ಶಿಗಳು ಒಟ್ಟು ಮಾಡಿ ನನಗೆ ಒಂದೇ ಸಲ ಕೊಡಲಿ’ ಎಂದರೆ ಬೇಸರಪಡುವ ಸಮಿತಿ ಅಪರೂಪ. ಆ ಪ್ರಶ್ನೆಗೆ ಸಿಗುವ ಉತ್ತರದಲ್ಲೇ ಗ್ರಾಹಕರ ಗುಣ ತಿಳಿಯುತ್ತದೆ. ಒಬ್ಬರತ್ತ ಬೊಟ್ಟು ಮಾಡಿ ಹೇಳಿದರೆ ಧೈರ್ಯವಾಗಿ ಮುಂದುವರಿಯಬಹುದು. ‘ಎಲ್ಲರೂ ಸೇರಿ ನೋಡುವ’ ಎಂದರೆ ಆ ಕೆಲಸಕ್ಕೆ ಎರಡರಷ್ಟು ಸಮಯ ಹಿಡಿಯುತ್ತದೆ ಎಂದು ಲೆಕ್ಕ ಹಾಕಿಕೊಂಡು, ದರವನ್ನೂ ಹಾಗೆಯೇ ಹೇಳುವುದು ಒಳ್ಳೆಯದು.

ಆಮಂತ್ರಣ ಪತ್ರಿಕೆಯ ಕರೆಕ್ಷನ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕಾಗಿದೆ, ಏಕೆಂದರೆ ನಮ್ಮಲ್ಲಿ ಬಣ್ಣಕ್ಕಿಂತ ಹೆಸರು ಭಾರ. ಸಭಾಧ್ಯಕ್ಷತೆ ಯಾರದ್ದು, ಶುಭಾಶಂಸನೆ ಯಾರದ್ದು, ಗೌರವ ಉಪಸ್ಥಿತಿಯಲ್ಲಿ ಯಾರ ಹೆಸರು ಮೊದಲು, ಯಾರ ಹೆಸರು ಬಿಟ್ಟುಹೋಯಿತು ಎಂಬುದರ ಮೇಲೆ ವರ್ಷಗಟ್ಟಲೆ ಮಾತು ಬಿಟ್ಟವರಿದ್ದಾರೆ. ಸಾವಿರಾರು ಪ್ರತಿ ಅಚ್ಚಾದ ಮೇಲೆ ಒಂದು ಹೆಸರು ತಪ್ಪಿದರೆ ಮರುಮುದ್ರಣದ ಖರ್ಚು ಯಾರ ತಲೆಗೆ? ಹಳೆಯ ಅಚ್ಚುಕೂಟದವರು ಪ್ರೂಫ್ ಮೇಲೆ ಸಹಿ ಹಾಕಿಸಿಕೊಳ್ಳದೆ ಮೆಷಿನ್ ಹಾಕುತ್ತಿರಲಿಲ್ಲ. ಕಂಪ್ಯೂಟರ್ ಬಂದ ಮೇಲೆ ಆ ಶಿಸ್ತು ಸಡಿಲವಾಯಿತು. ಈಗ ವಾಟ್ಸಾಪಿನಲ್ಲಿ ಹೆಬ್ಬೆರಳಿನ ಗುರುತೊಂದು ಬಂದರೆ ಒಪ್ಪಿಗೆ ಎಂದುಕೊಳ್ಳುತ್ತೇವೆ. ಆ ಹೆಬ್ಬೆರಳು ‘ನೋಡಿದೆ’ ಎಂದೋ ‘ಸರಿ ಇದೆ’ ಎಂದೋ? ಕಾಗದದ ಮೇಲೆ ಮುದ್ರಿಸಿ ಕೊಟ್ಟು, ಹಿರಿಯರಿಗೆ ಓದಲು ಒಂದು ದಿನ ಬಿಟ್ಟು, ಕೊನೆಗೆ ಸಹಿ ಪಡೆಯುವುದು ಅವರ ಮೇಲಿನ ಅಪನಂಬಿಕೆಯಿಂದ ಅಲ್ಲ. ಅವರ ಮಾನ ಕಾಯುವುದಕ್ಕೆ. ಹೀಗೆ ಹೇಳಿಯೇ ಸಹಿ ಕೇಳಬೇಕು. ಕೇಳಿದವರಿಗೆ ಮರ್ಯಾದೆ ಕಮ್ಮಿಯಾಗಿಲ್ಲ, ಮುಂದಿನ ವರ್ಷ ಅದೇ ಸಮಿತಿ ಅವರನ್ನೇ ಹುಡುಕಿಕೊಂಡು ಬಂದಿದೆ.

ಹಣ ಎಷ್ಟೆಂದು ಹೇಳುವುದು ಒಂದು, ಯಾವಾಗ ಎಂದು ಹೇಳುವುದು ಇನ್ನೊಂದು. ಇದನ್ನು ಚೆನ್ನಾಗಿ ಬಲ್ಲವರು ಶಿಲ್ಪಿಗಳು. ಕಾರ್ಕಳದ ಸುತ್ತಮುತ್ತ ಕರಿಶಿಲೆಯ ಬಿಂಬ ಕಡೆಯುವವರು ಇಂದಿಗೂ ಇದ್ದಾರೆ. ಕಲ್ಲು ತರುವಾಗ ಇಷ್ಟು, ಆಕಾರ ಬಂದಾಗ ಇಷ್ಟು, ಮುಗಿದಾಗ ಇಷ್ಟು ಎಂದು ಮೆಟ್ಟಿಲು ಮಾಡಿಕೊಂಡರೆ ಎರಡೂ ಕಡೆಯವರಿಗೆ ನೆಮ್ಮದಿ. ಮಾಡಿಸುವವರು ಪ್ರತಿ ಮೆಟ್ಟಿಲಿನಲ್ಲೂ ಬಂದು ಕಣ್ಣಾರೆ ನೋಡುತ್ತಾರೆ, ಹಾಗಾಗಿ ಕೊನೆಯಲ್ಲಿ ಆಘಾತವಿಲ್ಲ. ಶಿಲ್ಪಿಯೂ ಸಾಲ ಮಾಡಿ ಬೇರೆಯವರ ದೇವರನ್ನು ಕಡೆಯಬೇಕಾಗಿಲ್ಲ. ನಮ್ಮ ದೇವಸ್ಥಾನಗಳ ಬ್ರಹ್ಮಕಲಶದ ಕಾರ್ಯಕ್ರಮ ಪಟ್ಟಿಯ ಮೊದಲ ದಿನಗಳಲ್ಲಿ ಆಲಯ ಪರಿಗ್ರಹ ಎಂಬ ವಿಧಿ ಇರುವುದನ್ನು ನೋಡಿರುತ್ತೀರಿ. ಕಟ್ಟಿದ ಶಿಲ್ಪಿಯನ್ನು ಗೌರವಿಸಿ, ತೃಪ್ತಿಪಡಿಸಿ, ಅವನ ಕೈಯಿಂದ ಆಲಯವನ್ನು ಪಡೆದುಕೊಳ್ಳುವ ಕ್ರಮ ಅದು. ಶಿಲ್ಪಿಗೆ ಸಲ್ಲಬೇಕಾದದ್ದು ಸಂದ ಮೇಲೆಯೇ ತಂತ್ರಿಗಳ ಕೆಲಸ. ದೇವರು ಬಂದು ಕೂರುವುದಕ್ಕೂ ಮೊದಲು ಕಟ್ಟಿದವನ ಲೆಕ್ಕ ಚುಕ್ತಾ ಆಗಬೇಕು ಎಂಬ ಈ ವ್ಯವಸ್ಥೆಯ ಎದುರು ನನಗೆ ತಲೆಬಾಗುವಂತಾಗುತ್ತದೆ. ಕೊನೆಯ ಕಂತು ಬಂದ ಮೇಲೆ ಅಂತಿಮ ಫೈಲ್ ಕೊಡುತ್ತೇನೆ ಎಂದು ಹೇಳಲು ಹಿಂಜರಿಯುವ ವಿನ್ಯಾಸಕಾರರಿಗೆ ಇದಕ್ಕಿಂತ ದೊಡ್ಡ ಬೆಂಬಲ ಬೇಕೆ?

ಮಣಿಪಾಲದಲ್ಲಿ ಓದಿ ಅಲ್ಲೇ ಕೋಣೆ ಹಿಡಿದು ದೂರದೇಶದ ಕೆಲಸ ಮಾಡುವ ಯುವಕರ ಕಥೆ ಸ್ವಲ್ಪ ಬೇರೆ. ಊರು ಬಿಡದೆ ದೂರದ ಗ್ರಾಹಕರನ್ನು ಗಳಿಸಬಹುದೆಂದು 1996ರಲ್ಲೇ ಉಡುಪಿಯಲ್ಲಿ ಶುರುವಾದ ರೋಹಿತ್ ಭಟ್ಟರ ರೋಬೊಸಾಫ್ಟ್ ಕಂಪನಿ ತೋರಿಸಿಕೊಟ್ಟಿತ್ತು. ಇವತ್ತು ಅಪ್‌ವರ್ಕ್‌ನಂಥ ಜಾಲತಾಣದಲ್ಲಿ ಒಬ್ಬಂಟಿಯಾಗಿ ಕೂತವರಿಗೂ ಅದು ಸಾಧ್ಯ. ಅಲ್ಲಿ ನಿಗದಿತ ದರದ ಕೆಲಸಕ್ಕೆ ಗ್ರಾಹಕರು ಹಣವನ್ನು ಮೊದಲೇ ಜಾಲತಾಣದ ಕೈಗೆ ಕೊಟ್ಟಿರುತ್ತಾರೆ, ಒಂದೊಂದು ಹಂತ ಒಪ್ಪಿಗೆಯಾದಂತೆ ಅದು ಕೆಲಸಗಾರರಿಗೆ ಸಿಗುತ್ತದೆ. ಮುಖ ನೋಡದವರ ನಡುವೆ ನಂಬಿಕೆಗೆ ಆಧಾರವಾಗಿರುವುದು ಆ ಏರ್ಪಾಡು. ಇದೇ ಹುಡುಗರು ಡೆನ್ಮಾರ್ಕಿನವರ ಜತೆ ಇಷ್ಟು ಸ್ಪಷ್ಟವಾಗಿ ವ್ಯವಹರಿಸಿ, ಊರಿನ ಬೇಕರಿಯವರು ಲೋಗೊ ಕೇಳಿದಾಗ ಮಾತ್ರ ‘ಮತ್ತೆ ನೋಡುವ’ ಎನ್ನುತ್ತಾರಲ್ಲ, ನನಗೆ ಅರ್ಥವಾಗದ್ದು ಅದು. ಬೇಕರಿಯವರು ಅಷ್ಟು ಸ್ಪಷ್ಟತೆಗೆ ಯೋಗ್ಯರಲ್ಲವೆ?

ನ್ಯೂಯಾರ್ಕಿನ ಹೆಸರಾಂತ ವಿನ್ಯಾಸಕಾರ ಮಿಲ್ಟನ್ ಗ್ಲೇಸರ್, ಆ ಊರಿನ ಮೇಲಿನ ಪ್ರೀತಿಯನ್ನು ಹೃದಯದ ಗುರುತಿನಲ್ಲಿ ಬರೆದವರು, ಇಷ್ಟವಾದವರ ಕೆಲಸವನ್ನಷ್ಟೇ ಮಾಡಬೇಕು, ತನ್ನ ಒಳ್ಳೆಯ ಕೆಲಸವೆಲ್ಲ ಗ್ರಾಹಕರ ಮೇಲೆ ಒಲವಿದ್ದಾಗಲೇ ಬಂದದ್ದು ಎಂಬ ಅರ್ಥದ ಮಾತು ಹೇಳಿದ್ದಾರೆ. ಅಷ್ಟು ದೊಡ್ಡ ಊರಿನಲ್ಲಿ ಅದು ಸರಿ. ಅಲ್ಲಿ ಅಪರಿಚಿತರು ಬರುತ್ತಾರೆ, ಕೆಲಸ ಮಾಡುತ್ತ ಇಷ್ಟವಾಗುತ್ತಾರೆ. ನಮ್ಮಲ್ಲಿ ಇಷ್ಟವೆಂಬುದು ನೆಂಟಸ್ತನದಿಂದ, ನೆರೆಹೊರೆಯಿಂದ ಮೊದಲೇ ಬಂದಿರುತ್ತದೆ. ಇಲ್ಲಿ ದುಡಿದು ಗಳಿಸಬೇಕಾದದ್ದು ಉಳಿದರ್ಧ: ಹೇಳಿದ ದಿನಕ್ಕೆ ಕೆಲಸ, ಹೇಳಿದ ದಿನಕ್ಕೆ ಹಣ. ಬುಧವಾರ ಕೊಡುತ್ತೇನೆಂದ ಆಲ್ಬಮ್ ಆಗುವುದಿಲ್ಲವೆಂದು ಸೋಮವಾರವೇ ತಿಳಿದರೆ ಸೋಮವಾರವೇ ಫೋನ್ ಮಾಡುವವರನ್ನು ಯಾರೂ ಬಿಡುವುದಿಲ್ಲ. ಫೋನ್ ಎತ್ತದೆ ಗುರುವಾರದವರೆಗೆ ಕಳೆದವರು ಎಷ್ಟೇ ಪ್ರತಿಭಾವಂತರಾದರೂ ಎರಡನೇ ಸಲ ಕರೆ ಬರುವುದಿಲ್ಲ.

ಕಾನೂನಿನ ವಿಷಯವೂ ಗೊತ್ತಿರಲಿ. ಉದ್ಯಮ್ ನೋಂದಣಿ ಮಾಡಿಸಿಕೊಂಡ ಸಣ್ಣ ಸೇವಾದಾರರಿಗೆ 2006ರ ಎಂಎಸ್‌ಎಂಇ ಕಾಯ್ದೆಯ ರಕ್ಷಣೆಯಿದೆ. ಬರಹದ ಒಪ್ಪಂದವಿದ್ದರೆ ಒಪ್ಪಿದ ದಿನದೊಳಗೆ, ಅದೂ 45 ದಿನ ಮೀರದಂತೆ ಹಣ ಬರಬೇಕು, ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನ್ಯೂಯಾರ್ಕ್ ನಗರ ಸ್ವತಂತ್ರ ಕೆಲಸಗಾರರಿಗಾಗಿಯೇ 2017ರಲ್ಲಿ ಬೇರೆ ಕಾನೂನು ತಂದಿತು. 800 ಡಾಲರ್ ಅಥವಾ ಅದಕ್ಕೆ ಮೇಲ್ಪಟ್ಟ ಕೆಲಸಕ್ಕೆ ಅಲ್ಲಿ ಬರಹದ ಒಪ್ಪಂದ ಕಡ್ಡಾಯ. ಆದರೆ ನಮ್ಮಲ್ಲಿ ಬಡ್ಡಿ ಕೇಳಿ ದೂರು ಕೊಟ್ಟ ಮೇಲೆ ಆ ಗ್ರಾಹಕರು ಮರಳಿ ಬರುವುದಿಲ್ಲ ಎಂಬುದೂ ನಿಜ. ಹಾಗಾಗಿ 45 ದಿನದ ಆ ಮಾತು ಬಿಲ್ಲಿನ ಕೆಳಗೆ ಒಂದು ಸಾಲಾಗಿ ಮೊದಲೇ ಇದ್ದರೆ ಚಂದ.

ಹಕ್ಕುಸ್ವಾಮ್ಯದ ಬಗ್ಗೆ ನಮ್ಮ ಛಾಯಾಗ್ರಾಹಕರಲ್ಲಿ ಅನೇಕರಿಗೆ ತಪ್ಪು ತಿಳಿವಳಿಕೆಯಿದೆ. 1957ರ ಕಾಯ್ದೆಯ ಪ್ರಕಾರ ಹಣ ಕೊಟ್ಟು ತೆಗೆಸಿದ ಫೋಟೊ, ಬರೆಸಿದ ವರ್ಣಚಿತ್ರ, ಭಾವಚಿತ್ರಗಳ ಮೊದಲ ಹಕ್ಕುದಾರರು, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರೇ. ಮದುಮಗಳ ಚಿತ್ರವನ್ನು ನಿಮ್ಮ ಸ್ಟುಡಿಯೊದ ಜಾಹೀರಾತಿಗೆ ಹಾಕಬೇಕೆಂದರೆ ಅವಳ ಮನೆಯವರನ್ನು ಕೇಳಲೇಬೇಕು. ಮರ್ಯಾದೆಯೂ ಅದೇ, ಕಾನೂನೂ ಅದೇ. ಸ್ಮರಣ ಸಂಚಿಕೆಗೆ ಲೇಖನ ಬರೆದುಕೊಟ್ಟವರದ್ದು ಇದಕ್ಕೆ ತಿರುಗುಮುರುಗು. ಬರೆದದ್ದು ಅವರದೇ, ಹಕ್ಕು ಬಿಟ್ಟುಕೊಡುವುದಾದರೆ ಬರಹದಲ್ಲಿಯೇ ಆಗಬೇಕು, ಅವಧಿ ನಮೂದಿಸದಿದ್ದರೆ ಅದು 5 ವರ್ಷಕ್ಕೆ ಸೀಮಿತ. ಹಕ್ಕು ಮಾರಿದ ಮೇಲೂ ಇದು ನಾನು ಬರೆದದ್ದು ಎಂದು ಹೇಳಿಕೊಳ್ಳುವ ಅಧಿಕಾರ ಹೋಗುವುದಿಲ್ಲ. ಇಂಥ ಮಾತುಗಳನ್ನು ಗ್ರಾಹಕರಿಗೆ ನಾವೇ ಮೊದಲು ಬಿಡಿಸಿ ಹೇಳಿದರೆ, ನಮಗೆ ಅನುಕೂಲವಿಲ್ಲದ್ದನ್ನೂ ಸೇರಿಸಿ ಹೇಳಿದರೆ, ಅವರಿಗೆ ನಮ್ಮ ಮೇಲೆ ಹುಟ್ಟುವ ಭರವಸೆ ಬೇರೆಯೇ.

ಒಳ್ಳೆಯ ಗ್ರಾಹಕರನ್ನು ಉಳಿಸಿಕೊಳ್ಳುವುದೆಂದರೆ ಅವರ ಪರವಾಗಿ ನೆನಪಿಟ್ಟುಕೊಳ್ಳುವುದೂ ಹೌದು. ಉಡುಪಿಯಲ್ಲಿ ಪರ್ಯಾಯ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಆದರೆ ಒಂದು ಮಠದ ಸರದಿ ತಿರುಗಿ ಬರುವುದು 16 ವರ್ಷಕ್ಕೆ. 2026ರ ಜನವರಿ 18ರಂದು ಪೀಠವೇರಿದ ಶೀರೂರು ಮಠದ ಮುಂದಿನ ಪರ್ಯಾಯ 2042ರಲ್ಲಿ. ಬಾಳೆ ಮುಹೂರ್ತದಿಂದ ಹಿಡಿದು ಮೆರವಣಿಗೆಯ ಟ್ಯಾಬ್ಲೊವರೆಗೆ 2026ರ ಪರ್ಯಾಯಕ್ಕೆ ಮಾಡಿದ ಕರಪತ್ರ, ಚಿತ್ರ, ವಿಡಿಯೊಗಳನ್ನು ಜೋಪಾನ ಮಾಡಿಟ್ಟವರು ಅಷ್ಟು ವರ್ಷದ ಮೇಲೆ ಒಂದು ಡಿಸ್ಕ್ ತೆಗೆದುಕೊಟ್ಟರೆ ಅದರ ಬೆಲೆ ಯಾವ ಜಾಹೀರಾತಿಗೂ ಇಲ್ಲ. ಮನೆಗಳದ್ದೂ ಹಾಗೆಯೇ. ಅಜ್ಜ ತೀರಿಕೊಂಡಾಗ, ಹತ್ತು ವರ್ಷದ ಹಿಂದಿನ ಮದುವೆಯಲ್ಲಿ ತೆಗೆದ ಅವರ ನಗುಮುಖದ ಚಿತ್ರವೊಂದು ಸಿಕ್ಕೀತೆ ಎಂದು ಕೇಳಿಕೊಂಡು ಬರುತ್ತಾರೆ. ನಮ್ಮ ಕರಾವಳಿಯ ಮಳೆಗಾಲದ ತೇವಕ್ಕೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ, ಹಾರ್ಡ್ ಡಿಸ್ಕ್ ಕೈಕೊಡುತ್ತದೆ. ಎರಡು ಪ್ರತಿ ಇಡಿ, ಎರಡನ್ನೂ ಒಂದೇ ಕಪಾಟಿನಲ್ಲಿಡಬೇಡಿ. ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ ಎಂದು ಕೆಲಸ ಒಪ್ಪಿಕೊಳ್ಳುವಾಗಲೇ ತಿಳಿಸಿ.

ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮೂರಿನಲ್ಲಿ ಮದುವೆ, ಜಾತ್ರೆ, ಕೋಲ ಎಲ್ಲವೂ ಕಮ್ಮಿಯಾಗುತ್ತವೆ. ಯಕ್ಷಗಾನ ಕಲಾವಿದರಲ್ಲಿ ಹಲವರು ಆ ತಿಂಗಳುಗಳಲ್ಲಿ ಚಿಕ್ಕಮೇಳ ಕಟ್ಟಿಕೊಂಡು, ಬರುವ ದಿನವನ್ನು ಮೊದಲೇ ತಿಳಿಸಿ, ಸಂಜೆ ಮನೆಮನೆಗೆ ಹೋಗುತ್ತಾರೆ. ದೊಡ್ಡ ಆಟ ಆಡಿಸಲಾಗದ ಮನೆಯವರಿಗೂ ಚಾವಡಿಯಲ್ಲಿ ದೀಪ ಹಚ್ಚಿ ಹತ್ತು ನಿಮಿಷದ ಕಥಾಭಾಗ ಕಾಣುವ ಭಾಗ್ಯ ಅದು, ಕಲಾವಿದರಿಗೆ ಮಳೆಗಾಲದ ಅನ್ನ. ಸ್ವಂತ ಕೆಲಸ ಮಾಡುವ ಉಳಿದವರಿಗೂ ಆಟಿ ತಿಂಗಳು ಅದಕ್ಕೇ ಹೇಳಿ ಮಾಡಿಸಿದ ಕಾಲ. ಕಳೆದ ಸೀಸನ್ನಿನ ಬಾಕಿ ಫೈಲುಗಳನ್ನು ಕೈಯಾರೆ ಕೊಟ್ಟುಬನ್ನಿ. ಉಳಿದ ಲೆಕ್ಕ ಕೇಳಿ, ಬಂದ ಹಣಕ್ಕೆ ರಶೀದಿ ಕೊಡಿ. ಸಣ್ಣ ಪೂಜೆಯ ಕರೆಯೋಲೆಯಂಥ ಚಿಕ್ಕ ಕೆಲಸವಿದ್ದರೆ ಹೊಸ ಗ್ರಾಹಕರಿಂದ ಅದನ್ನೇ ಮೊದಲು ಒಪ್ಪಿಕೊಂಡು ಪರಸ್ಪರ ರೀತಿನೀತಿ ತಿಳಿದುಕೊಳ್ಳಿ, ಸ್ಮರಣ ಸಂಚಿಕೆಯ ಮಾತು ಆಮೇಲೆ. ನಿಮ್ಮ ಕೈಗೆ ಹೊಂದದ ಕೆಲಸ ಬಂದರೆ ಅದನ್ನು ಚೆನ್ನಾಗಿ ಮಾಡುವವರ ಹೆಸರು ಹೇಳಿ ಕಳಿಸಿ. ಮತ್ತು ದೀಪಾವಳಿಯ ನಂತರದ ಹೊಸ ದರ ಎಷ್ಟೆಂದು, ಅವರು ಕೊಟ್ಟ ಚಹಾ ಕುಡಿಯುತ್ತಿರುವಾಗಲೇ ಹೇಳಿಬಿಡಿ.